ಅಪ್ಪನ ಚಟ ಮಗನಿಗೆ ಬಂದೇ ಬರುತ್ತದೆಯೇ? ಕುಡಿತ, ವಯಸ್ಸು ಮತ್ತು ಮೆದುಳಿನ ರಸಾಯನ

"ಅವರಪ್ಪನೂ ಕುಡೀತಿದ್ದ, ಇವನೂ ಕುಡೀತಾನ. ರಕ್ತದಾಗ ಬಂದೈತಿ, ಏನ್ ಮಾಡಾಕ ಆಗ್ತೈತಿ?"

ರಾಯಚೂರು ಜಿಲ್ಲೆಯ ಯಾವ ಊರಿನ ಕಟ್ಟೆಯ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: "ಮನಸ್ಸು ಗಟ್ಟಿ ಮಾಡಿದ್ರ ನಾಳಿಗೇ ಬಿಡಬಹುದು, ಇವಗ ಬಿಡೂ ಮನಸಿಲ್ಲ." ಎರಡೂ ಮಾತನ್ನು ಒಬ್ಬನೇ ವ್ಯಕ್ತಿಯ ಬಗ್ಗೆ, ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ಚಟ ಪೂರ್ತಿ ರಕ್ತದಲ್ಲೇ ಬಂದಿದ್ದರೆ ಮನಸ್ಸು ಗಟ್ಟಿ ಮಾಡಿ ಏನು ಪ್ರಯೋಜನ? ಪೂರ್ತಿ ಮನಸ್ಸಿನ ಮಾತೇ ಆಗಿದ್ದರೆ ಅಪ್ಪನ ಹೆಸರೇಕೆ ಬೇಕು?

ಈ ಜಿಲ್ಲೆಗೆ ಇದು ಹರಟೆಯ ವಿಷಯವಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಷೇಧವಾಯಿತು. ಸರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ಚಿಕ್ಕ ಪ್ಯಾಕೆಟ್ ಬಂತು. ವೈನ್ ಶಾಪ್ ಇಲ್ಲದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯಲ್ಲೇ ಅದು ಸಿಗುತ್ತದೆ ಎಂಬುದು ಇಲ್ಲಿನ ಹೆಣ್ಣುಮಕ್ಕಳ ಬಹಳ ಕಾಲದ ದೂರು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರಲ್ಲ, ಅವರಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ ಹೆಣ್ಣುಮಕ್ಕಳೂ ಇದ್ದರು. ಗಂಡನನ್ನು ಕಳೆದುಕೊಂಡ, ಇಲ್ಲವೇ ಕಳೆದುಕೊಳ್ಳುತ್ತಿರುವ ತಾಯಂದಿರ ಮುಂದೆ ಆಗ ಇದ್ದ ಪ್ರಶ್ನೆ ಈಗಲೂ ಇದೆ: ನನ್ನ ಮಗನದೂ ಇದೇ ಗತಿಯೇ?

ಈ ಪ್ರಶ್ನೆಗೆ ವಿಜ್ಞಾನದ ಬಳಿ ಸಾಕಷ್ಟು ಉತ್ತರವಿದೆ. ಆ ಉತ್ತರದ ಕೇಂದ್ರದಲ್ಲಿ ಇರುವುದು ಒಂದು ಸಂಖ್ಯೆ, ಚಟ ಹತ್ತಿದ ವಯಸ್ಸು.

ಇಬ್ಬರು ಕುಡುಕರು, ಎರಡು ದಾರಿ

ತಿಳಿಯಲು ಸುಲಭವಾಗಲಿ ಎಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯವನು ದೇವದುರ್ಗ ತಾಲೂಕಿನವನು. ಅಪ್ಪ ಕುಡುಕ. ಶಾಲೆ ಅರ್ಧಕ್ಕೆ ಬಿಟ್ಟು ಹತ್ತಿ ಬಿಡಿಸಲು ಹೋದ, ಆಮೇಲೆ ದೊಡ್ಡವರ ಜೊತೆ ಬೆಂಗಳೂರಿಗೆ ಗುಳೆ ಹೋದ. ಕಟ್ಟಡ ಕೆಲಸದ ಶೆಡ್ಡಿನಲ್ಲಿ 14ನೇ ವಯಸ್ಸಿಗೆ ಮೊದಲ ಗುಟುಕು. ಮೊದಲಿನಿಂದಲೂ ಸಿಟ್ಟು ಜಾಸ್ತಿ, ಒಂದು ಕಡೆ ಕೂರುವವನಲ್ಲ, ಹಿಂದೆಮುಂದೆ ನೋಡದೆ ನುಗ್ಗುವ ಸ್ವಭಾವ. 20 ತುಂಬುವಷ್ಟರಲ್ಲಿ ದಿನಾ ಬೇಕು. ಕುಡಿದ ದಿನ ಜಗಳ, ಒಮ್ಮೆ ಪೊಲೀಸ್ ಠಾಣೆ, ಎರಡು ಸಲ ಬೈಕ್ ಅಪಘಾತ.

ಎರಡನೆಯವನು ಮಾನ್ವಿ ಕಡೆಯ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಭತ್ತದ ಗದ್ದೆ. ಮದುವೆ, ಜಾತ್ರೆಗಳಲ್ಲಿ ಎಂದೋ ಒಮ್ಮೆ ಕುಡಿದದ್ದುಂಟು. ಎರಡು ವರ್ಷ ಕೊನೆಯ ಭಾಗಕ್ಕೆ ನೀರು ಬರಲಿಲ್ಲ, ಸಾಲ ಬೆಳೆಯಿತು, ರಾತ್ರಿ ನಿದ್ದೆ ಹೋಯಿತು. ನಿದ್ದೆಗೆಂದು ಶುರು ಮಾಡಿದ್ದು 38ರ ವಯಸ್ಸಿಗೆ ಚಟವಾಯಿತು. ಕುಡಿದು ಯಾರ ಮೇಲೂ ಕೈ ಮಾಡುವವನಲ್ಲ. ಮರುದಿನ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ, ಸಂಜೆಗೆ ಮತ್ತೆ ಕುಡಿಯುತ್ತಾನೆ.

ಊರಿನ ಕಣ್ಣಿಗೆ ಇಬ್ಬರೂ ಕುಡುಕರೇ. ಮೆದುಳಿನ ಸಂಶೋಧಕರಿಗೆ ಮಾತ್ರ ಇವು ಎರಡು ಬೇರೆ ಬೇರೆ ಕಥೆಗಳಂತೆ ಕಾಣುತ್ತವೆ.

ಕುಡಿದಾಗ ಮೆದುಳಿನಲ್ಲಿ ಏನಾಗುತ್ತದೆ?

ಮೆದುಳಿನ ನರಕೋಶಗಳು ಒಂದಕ್ಕೊಂದು ಮಾತಾಡುವುದು ರಾಸಾಯನಿಕಗಳ ಮೂಲಕ. ಒಂದು ಕೋಶ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಪಕ್ಕದ ಕೋಶ ಅದನ್ನು ಹಿಡಿದು ಪ್ರತಿಕ್ರಿಯಿಸುತ್ತದೆ. ಮದ್ಯ ಈ ಮಾತುಕತೆಯಲ್ಲಿ ಹಲವು ಕಡೆ ಕೈ ಹಾಕುತ್ತದೆ. ನಾವು ಐದನ್ನು ಮಾತ್ರ ನೋಡೋಣ.

ಗ್ಯಾಬಾ: ಇದು ಮೆದುಳಿನ ಬ್ರೇಕ್. ಕೋಶಗಳನ್ನು ಶಾಂತ ಮಾಡುತ್ತದೆ. ಮದ್ಯ ಈ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಕುಡಿದಾಗ ಅಂಜಿಕೆ ಕಡಿಮೆಯಾಗುವುದು, ನಾಲಿಗೆ ತೊದಲುವುದು, ಕಾಲು ತಡವರಿಸುವುದು, ಮಂಪರು ಬರುವುದು ಬಹುಮಟ್ಟಿಗೆ ಇದರಿಂದ.

ಗ್ಲುಟಮೇಟ್: ಇದು ಆಕ್ಸಿಲರೇಟರ್. ಕೋಶಗಳನ್ನು ಚುರುಕಾಗಿಸುತ್ತದೆ, ನೆನಪು ಮೂಡಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಮದ್ಯ ಇದನ್ನು ತಡೆಯುತ್ತದೆ. ರಾತ್ರಿ ಮಾಡಿದ ಜಗಳ ಬೆಳಿಗ್ಗೆ ನೆನಪೇ ಇಲ್ಲ ಎನ್ನುವವನು ಯಾವಾಗಲೂ ಸುಳ್ಳು ಹೇಳುತ್ತಿರುವುದಿಲ್ಲ. ಆ ಹೊತ್ತಿನ ನೆನಪು ಮೆದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ.

ಎಂಡಾರ್ಫಿನ್: ಮೆದುಳೇ ತಯಾರಿಸುವ ಅಫೀಮಿನಂಥ ವಸ್ತು. ಹಿತ ಕೊಡುತ್ತದೆ, ನೋವು ಮರೆಸುತ್ತದೆ. ಮದ್ಯ ಇದನ್ನು ಬಿಡುಗಡೆ ಮಾಡಿಸುತ್ತದೆ.

ಡೋಪಮೈನ್: "ಇದು ಚೆನ್ನಾಗಿತ್ತು, ಮತ್ತೆ ಬೇಕು" ಎಂದು ಮೆದುಳಿಗೆ ಕಲಿಸುವ ರಾಸಾಯನಿಕ. ಚಟ ಬಲಿತ ಮೇಲೆ ಕುಡಿತದ ಖುಷಿ ಕಡಿಮೆಯಾದರೂ "ಬೇಕು" ಎನ್ನುವ ತುಡಿತ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅಂಗಡಿಯ ಬೋರ್ಡು, ಜೊತೆಗಾರನ ಮುಖ, ಸಂಜೆ ಏಳು ಗಂಟೆ, ಇಷ್ಟು ಸಾಕು ತುಡಿತ ಎಬ್ಬಿಸಲು.

ಸೆರೊಟೋನಿನ್: ಮನಸ್ಥಿತಿ, ನಿದ್ದೆ, ಮುಖ್ಯವಾಗಿ ತಾಳ್ಮೆ ಮತ್ತು ಸ್ವನಿಯಂತ್ರಣದ ಜೊತೆ ನಂಟಿರುವ ರಾಸಾಯನಿಕ. ಚಟ ಹತ್ತುವ ವಯಸ್ಸಿನ ಕಥೆಯಲ್ಲಿ ಇದು ಮತ್ತೆ ಬರಲಿದೆ.

ದಿನಾ ಕುಡಿದರೆ ಮೆದುಳು ಸುಮ್ಮನೆ ಕೂರುವುದಿಲ್ಲ. ಬ್ರೇಕ್ ಸದಾ ಒತ್ತಿಯೇ ಇರುವುದರಿಂದ ತನ್ನ ಬ್ರೇಕನ್ನು ಸಡಿಲಿಸಿಕೊಳ್ಳುತ್ತದೆ, ಆಕ್ಸಿಲರೇಟರನ್ನು ಬಲಪಡಿಸಿಕೊಳ್ಳುತ್ತದೆ. ಹಾಗಾಗಿಯೇ ಮೊದಲು ಒಂದು ಪ್ಯಾಕೆಟ್ಟಿಗೆ ಏರುತ್ತಿದ್ದವನಿಗೆ ಆಮೇಲೆ ಮೂರು ಬೇಕಾಗುತ್ತದೆ. ಕುಡಿತ ಒಮ್ಮೆಲೇ ನಿಂತರೆ ಸಡಿಲ ಬ್ರೇಕು, ಬಲವಾದ ಆಕ್ಸಿಲರೇಟರು ಮಾತ್ರ ಉಳಿಯುತ್ತವೆ. ಕೈ ನಡುಕ, ಬೆವರು, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಬರುವುದು ಇದರಿಂದಲೇ. "ಮನಸ್ಸು ಗಟ್ಟಿ ಮಾಡು" ಎನ್ನುವವರು ಮರೆಯುವ ಸಂಗತಿ ಇದು. ಈ ನಡುಕ ಮನಸ್ಸಿನದಲ್ಲ, ಮೆದುಳಿನದು.

ವಯಸ್ಸಿನ ಪ್ರಶ್ನೆ ಎಲ್ಲಿಂದ ಬಂತು?

1981ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಕ್ಲೋನಿಂಜರ್, ಸ್ವೀಡನ್ನಿನ ಸಂಶೋಧಕರ ಜೊತೆ ಸೇರಿ, ದತ್ತು ಹೋದ 862 ಗಂಡಸರ ದಾಖಲೆಗಳ ಅಧ್ಯಯನ ಪ್ರಕಟಿಸಿದರು. ದತ್ತು ಮಕ್ಕಳೇ ಏಕೆ? ಹೆತ್ತವರು ಒಬ್ಬರು, ಸಾಕಿದವರು ಇನ್ನೊಬ್ಬರು. ಹಾಗಾಗಿ ರಕ್ತದಿಂದ ಬಂದದ್ದೆಷ್ಟು, ಮನೆಯಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಿ ನೋಡಬಹುದು.

ಅವರಿಗೆ ಎರಡು ಬಗೆ ಕಂಡವು. ಮೊದಲ ಬಗೆಯಲ್ಲಿ ಚಟ ಸಾಮಾನ್ಯವಾಗಿ 25 ದಾಟಿದ ಮೇಲೆ, ನಿಧಾನವಾಗಿ ಹತ್ತುತ್ತದೆ. ಚಿಂತೆ, ಅಂಜಿಕೆ, ಅಪರಾಧಿ ಭಾವ ಜೊತೆಗಿರುತ್ತವೆ. ಗಂಡಸರಲ್ಲೂ ಹೆಂಗಸರಲ್ಲೂ ಕಾಣುತ್ತದೆ. ಇಲ್ಲಿ ಹುಟ್ಟಿನಿಂದ ಬಂದ ಒಲವು ಮತ್ತು ಬೆಳೆದ ಪರಿಸರ ಎರಡೂ ಕೂಡಿದಾಗಲೇ ಅಪಾಯ ಹೆಚ್ಚು. ಎರಡನೇ ಬಗೆಯಲ್ಲಿ ಚಟ 25ಕ್ಕೆ ಮೊದಲೇ ಹತ್ತುತ್ತದೆ. ಹೆಚ್ಚಾಗಿ ಗಂಡಸರಲ್ಲಿ, ಅಪ್ಪನಿಂದ ಮಗನಿಗೆ. ದುಡುಕು, ಜಗಳ, ಪೊಲೀಸ್ ಗಲಾಟೆ ಜೊತೆಗೇ ಬರುತ್ತವೆ. ಇಲ್ಲಿ ಸಾಕಿದ ಮನೆ ಹೇಗಿದ್ದರೂ ಹೆತ್ತ ಅಪ್ಪನ ಪ್ರಭಾವ ಬಲವಾಗಿ ಕಂಡಿತು.

ನಮ್ಮ ಮಾನ್ವಿಯ ರೈತ ಮೊದಲ ಬಗೆಗೆ ಹತ್ತಿರ, ದೇವದುರ್ಗದ ಹುಡುಗ ಎರಡನೆಯದಕ್ಕೆ. ಆದರೆ ಒಂದು ಎಚ್ಚರ ಬೇಕು. ಇವು ಕಲ್ಲಿನಲ್ಲಿ ಕೊರೆದ ಎರಡು ಡಬ್ಬಿಗಳಲ್ಲ. ನಿಜ ಜೀವನದಲ್ಲಿ ಬಹಳಷ್ಟು ಜನ ಎರಡರ ನಡುವೆ ಎಲ್ಲೋ ಇರುತ್ತಾರೆ. ನಂತರದ ಸಂಶೋಧಕರು ಬೇರೆ ಬೇರೆ ವಿಂಗಡಣೆಗಳನ್ನೂ ಮಾಡಿದ್ದಾರೆ. "ಬೇಗ ಹತ್ತುವ ಚಟ" ಮತ್ತು "ತಡವಾಗಿ ಹತ್ತುವ ಚಟ" ಎಂಬ ವ್ಯತ್ಯಾಸ ಮಾತ್ರ ಇಂದಿಗೂ ಉಪಯುಕ್ತವಾಗಿ ಉಳಿದಿದೆ.

ಒಂದೇ ಚಟ, ಬೇರೆ ರಸಾಯನವೇ?

1980ರ ದಶಕದಲ್ಲಿ ಫಿನ್ಲೆಂಡಿನ ಜೈಲುಗಳಲ್ಲಿದ್ದ, ಕುಡಿತದ ಸಮಸ್ಯೆಯಿದ್ದ ಗಂಡಸರ ಬೆನ್ನುಹುರಿ ದ್ರವವನ್ನು ಸಂಶೋಧಕರು ಪರೀಕ್ಷಿಸಿದರು. ಯೋಜನೆ ಮಾಡದೆ, ಕ್ಷಣದ ದುಡುಕಿನಲ್ಲಿ ಹಿಂಸೆಗಿಳಿದವರಲ್ಲಿ ಸೆರೊಟೋನಿನ್ ಒಡೆದು ಉಳಿಯುವ ವಸ್ತುವಿನ ಪ್ರಮಾಣ ಕಡಿಮೆ ಇತ್ತು. ಅಂದರೆ ಅವರ ಮೆದುಳಿನಲ್ಲಿ ಸೆರೊಟೋನಿನ್ ಕೆಲಸ ಕುಂಠಿತವಾಗಿರುವ ಸೂಚನೆ.

ಇದಕ್ಕೆ ಇನ್ನೂ ಗಟ್ಟಿಯಾದ ಪುರಾವೆ ಬಂದದ್ದು ಒಂದು ಔಷಧದ ಪ್ರಯೋಗದಿಂದ. ವಾಂತಿ ನಿಲ್ಲಿಸಲು ವೈದ್ಯರು ಕೊಡುವ ಆಂಡಾನ್ಸೆಟ್ರಾನ್ ಮಾತ್ರೆ ನಿಮಗೂ ಗೊತ್ತಿರಬಹುದು. ಇದು ಸೆರೊಟೋನಿನ್ನಿನ ಒಂದು ಬಗೆಯ ಗ್ರಾಹಕವನ್ನು ಮುಚ್ಚುತ್ತದೆ. ಮದ್ಯ ಇದೇ ಗ್ರಾಹಕವನ್ನು ಚುರುಕಾಗಿಸಿ ಡೋಪಮೈನ್ ಹೆಚ್ಚಿಸುತ್ತದೆ. 2000ದಲ್ಲಿ ಬ್ಯಾಂಕೋಲ್ ಜಾನ್ಸನ್ ಮತ್ತು ಸಂಗಡಿಗರು 271 ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅತಿ ಕಡಿಮೆ ಪ್ರಮಾಣದ ಆಂಡಾನ್ಸೆಟ್ರಾನ್, 25 ವರ್ಷದೊಳಗೆ ಚಟ ಹತ್ತಿದವರಲ್ಲಿ ಕುಡಿತವನ್ನು ತಗ್ಗಿಸಿತು. ತಡವಾಗಿ ಚಟ ಹತ್ತಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ಇನ್ನೊಂದೆಡೆ, ಖಿನ್ನತೆಗೆ ಕೊಡುವ ಸರ್ಟ್ರಲೀನ್ ಎಂಬ, ಸೆರೊಟೋನಿನ್ ಮೇಲೇ ಕೆಲಸ ಮಾಡುವ ಬೇರೊಂದು ಔಷಧ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ಉಲ್ಟಾ ಫಲ ಕೊಟ್ಟಿತು. ತಡವಾಗಿ ಹತ್ತಿದವರಿಗೆ ನೆರವಾಯಿತು, ಬೇಗ ಹತ್ತಿದವರಿಗೆ ಆಗಲಿಲ್ಲ.

ಚಟ ಒಂದೇ ಆಗಿದ್ದರೆ ಒಂದೇ ಔಷಧ ಒಬ್ಬನಿಗೆ ಫಲಿಸಿ ಇನ್ನೊಬ್ಬನಿಗೆ ಫಲಿಸದಿರಲು ವಯಸ್ಸು ಕಾರಣವಾಗಬೇಕಿರಲಿಲ್ಲ. ಇಬ್ಬರ ಮೆದುಳಿನ ರಸಾಯನದಲ್ಲೇ ವ್ಯತ್ಯಾಸ ಇರಬೇಕು ಎಂಬ ವಾದಕ್ಕೆ ಇದು ಬಲ ಕೊಟ್ಟಿತು.

ಇಲ್ಲಿ ದಯವಿಟ್ಟು ಒಂದು ಮಾತು ನೆನಪಿಡಿ. ಇದನ್ನು ಓದಿ ಮೆಡಿಕಲ್ ಶಾಪಿಗೆ ಹೋಗಿ ವಾಂತಿ ಮಾತ್ರೆ ತಂದು ಯಾರಿಗೂ ಕೊಡಬೇಡಿ. ಪ್ರಯೋಗದಲ್ಲಿ ಬಳಸಿದ ಪ್ರಮಾಣ ಮಾಮೂಲಿ ಮಾತ್ರೆಯದಕ್ಕಿಂತ ತೀರಾ ಕಡಿಮೆ. ಕುಡಿತಕ್ಕೆ ಅದು ಮಾಮೂಲಿ ಚಿಕಿತ್ಸೆಯೂ ಅಲ್ಲ, ಹೃದಯದ ಬಡಿತದ ಮೇಲೂ ಅದು ಪರಿಣಾಮ ಬೀರಬಲ್ಲದು.

ಕುಡಿಯುವ ಮೊದಲೇ ಮೆದುಳಿನಲ್ಲಿ ಗುರುತು

"ಇವೆಲ್ಲ ವಿದೇಶದ ಮಾತು, ನಮ್ಮ ಜನಕ್ಕೆ ಅನ್ವಯಿಸುತ್ತದೆಯೇ?" ಎಂದು ಕೇಳಬಹುದು. ಇದರ ಮುಖ್ಯ ಕೆಲಸ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಡೆದಿದೆ.

ಅನಿರೀಕ್ಷಿತವಾದ ಸದ್ದು ಅಥವಾ ಬೆಳಕು ಬಂದಾಗ ಸುಮಾರು 300 ಮಿಲಿಸೆಕೆಂಡಿನ ಬಳಿಕ ಮೆದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ಅದಕ್ಕೆ ಪಿ300 ಎಂದು ಹೆಸರು. 1984ರಲ್ಲಿ ಅಮೆರಿಕದ ಹೆನ್ರಿ ಬೆಗ್ಲೈಟರ್ ತಂಡ, ಕುಡುಕ ಅಪ್ಪಂದಿರ ಚಿಕ್ಕ ಗಂಡುಮಕ್ಕಳಲ್ಲಿ ಈ ಅಲೆ ಗಿಡ್ಡವಾಗಿರುವುದನ್ನು ಕಂಡಿತ್ತು. ಆ ಮಕ್ಕಳು ಒಂದು ಹನಿ ಮದ್ಯವನ್ನೂ ಕುಡಿದಿರಲಿಲ್ಲ. 1995ರಲ್ಲಿ ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಇಲ್ಲಿನ ಕುಟುಂಬಗಳಲ್ಲೂ ಇದನ್ನೇ ತೋರಿಸಿದರು. ಅಪಾಯ ಹೆಚ್ಚಿದಂತೆ ಅಲೆ ಕುಗ್ಗುತ್ತಿತ್ತು.

2007ರಲ್ಲಿ ಇದೇ ಸಂಸ್ಥೆಯ ತಂಡ ಎಂಆರ್‌ಐ ಮೂಲಕ, ಬೇಗ ಚಟ ಹತ್ತಿದ ಅಪ್ಪಂದಿರ, ತಾವಿನ್ನೂ ಕುಡಿಯದ ಗಂಡುಮಕ್ಕಳ ಮೆದುಳನ್ನು ನೋಡಿತು. ಆತುರಕ್ಕೆ ಕಡಿವಾಣ ಹಾಕುವ, ಭಾವನೆ ನಿಭಾಯಿಸುವ ಕೆಲವು ಭಾಗಗಳು ಅವರಲ್ಲಿ ಚಿಕ್ಕದಾಗಿದ್ದವು. ಸ್ವಭಾವದಲ್ಲಿ ದುಡುಕು ಹೆಚ್ಚಿದ್ದಷ್ಟೂ ಆ ಭಾಗಗಳ ಗಾತ್ರ ಕಡಿಮೆಯಿತ್ತು.

ಹಾಗಾದರೆ ಕುಡುಕನ ಮಗನ ಹಣೆಬರಹ ಬರೆದಾಗಿದೆಯೇ? ಇಲ್ಲ. ಅವಳಿ ಮಕ್ಕಳ ಅಧ್ಯಯನಗಳು, ಜನರ ನಡುವೆ ಚಟದ ಅಪಾಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶವಾಹಿಗಳಿಂದ ಬರುತ್ತದೆ ಎನ್ನುತ್ತವೆ. ಉಳಿದರ್ಧ ಮನೆ, ಗೆಳೆಯರು, ಸಂಕಟ, ಸುಲಭವಾಗಿ ಸಿಗುವ ಮದ್ಯ ಇತ್ಯಾದಿಗಳದು. ಚಟವಿರುವವರ ಮಕ್ಕಳಿಗೆ ಅಪಾಯ ಉಳಿದವರಿಗಿಂತ 3ರಿಂದ 4 ಪಟ್ಟು ಹೆಚ್ಚು ನಿಜ. ಆದರೂ ಅಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಡುಕರಾಗುವುದಿಲ್ಲ. 2006ರಲ್ಲಿ ನೋರಾ ವೋಲ್ಕೋವ್ ತಂಡ ಇಂಥ ಕುಟುಂಬಗಳಲ್ಲಿ ಹುಟ್ಟಿಯೂ ಚಟಕ್ಕೆ ಬೀಳದವರನ್ನು ಪರೀಕ್ಷಿಸಿದಾಗ, ಅವರ ಮೆದುಳಿನಲ್ಲಿ ಒಂದು ಬಗೆಯ ಡೋಪಮೈನ್ ಗ್ರಾಹಕಗಳು ಹೆಚ್ಚಿರುವುದು ಕಂಡಿತು. ಅದು ಅವರನ್ನು ಕಾಯುತ್ತಿರಬಹುದು ಎಂದು ತಂಡ ಊಹಿಸಿತು. ಅಂದರೆ ಒಂದೇ ಮನೆಯಲ್ಲಿ ಅಪಾಯವೂ ಇರಬಹುದು, ಕಾಪಾಡುವ ಶಕ್ತಿಯೂ ಇರಬಹುದು.

"ಎಷ್ಟು ಕುಡಿದ್ರೂ ಏರಲ್ಲ" ಎಂಬುದು ಹೆಮ್ಮೆಯೇ?

ಮದುವೆ ಮನೆಯ ಹಿಂದೆ ನಡೆಯುವ ಕುಡಿತದಲ್ಲಿ ಒಬ್ಬನಾದರೂ ಇಂಥವನಿರುತ್ತಾನೆ. ಉಳಿದವರು ಎರಡಕ್ಕೇ ಒರಗಿದರೆ ಇವನು ನೆಟ್ಟಗೆ ನಿಂತಿರುತ್ತಾನೆ. "ಗಂಡಸಂದ್ರ ಇವನಪ್ಪಾ!" ಎಂಬ ಬಿರುದೂ ಸಿಗುತ್ತದೆ.

ವಾಸ್ತವ ಇದಕ್ಕೆ ತಿರುಗುಮುರುಗು. ಅಮೆರಿಕದ ಮಾರ್ಕ್ ಶುಕಿಟ್ 20ರ ಆಸುಪಾಸಿನ ಯುವಕರಿಗೆ ಪ್ರಯೋಗಾಲಯದಲ್ಲಿ ಅಳೆದ ಮದ್ಯ ಕೊಟ್ಟು, ಅವರ ಮೇಲೆ ಅದು ಎಷ್ಟು ಪರಿಣಾಮ ಮಾಡಿತೆಂದು ಬರೆದಿಟ್ಟರು. ಸುಮಾರು 10 ವರ್ಷದ ನಂತರ ಮತ್ತೆ ಅವರನ್ನು ಹುಡುಕಿದರು. ಮೊದಲು ಕಡಿಮೆ ಏರಿದವರೇ ಮುಂದೆ ಹೆಚ್ಚಾಗಿ ಚಟಕ್ಕೆ ಬಿದ್ದಿದ್ದರು. ಕಾರಣ ಸರಳ: ಬೇಗ ಏರುವವನಿಗೆ ಮೈಯೇ "ಸಾಕು" ಎನ್ನುತ್ತದೆ. ಏರದವನಿಗೆ ಆ ಗಂಟೆ ಬಾರಿಸುವುದಿಲ್ಲ, ಅವನು ಕುಡಿಯುತ್ತಲೇ ಹೋಗುತ್ತಾನೆ. ಏರದಿದ್ದರೂ ಯಕೃತ್ತಿಗೆ ಹೋಗುವ ವಿಷವೇನೂ ಕಡಿಮೆಯಾಗುವುದಿಲ್ಲ.

ಒಂದು ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರ. ವೈದ್ಯರು 10 ಗ್ರಾಮಿಗೆ ಒಂದು ಡ್ರಿಂಕ್ ಎಂದು ಎಣಿಸುತ್ತಾರೆ. ಅಂದರೆ "ಒಂದೇ ಪ್ಯಾಕೆಟ್" ಎಂದರೆ ಮೂರು ಡ್ರಿಂಕ್. ಒಂದು ಕ್ವಾರ್ಟರ್ ಎಂದರೆ ಆರು.

ಬೇಗ ಶುರು ಮಾಡಿದ್ದಕ್ಕೇ ಚಟ ಹತ್ತುತ್ತದೆಯೇ?

1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಚಟ ಹತ್ತಿತ್ತು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಇದು ಸುಮಾರು ಶೇ 10.

ಇದನ್ನು ಓದಿದ ಕೂಡಲೇ "ಬೇಗ ಕುಡಿದದ್ದೇ ಕಾರಣ" ಎಂದು ತೀರ್ಪು ಕೊಡುವ ಹಾಗಿಲ್ಲ. ದುಡುಕಿನ ಸ್ವಭಾವದವನು, ಕುಡುಕ ಅಪ್ಪನಿರುವವನು ಹೇಗೂ ಬೇಗ ಶುರು ಮಾಡುತ್ತಾನೆ. ಚಟವೂ ಅದೇ ಸ್ವಭಾವದಿಂದ ಬಂದಿರಬಹುದಲ್ಲ? 1999ರಲ್ಲಿ ಪ್ರೆಸ್ಕಾಟ್ ಮತ್ತು ಕೆಂಡ್ಲರ್ ಅವಳಿಗಳ ಅಧ್ಯಯನದಲ್ಲಿ ಇದನ್ನೇ ಹೇಳಿದರು: ಬೇಗ ಶುರು ಮಾಡುವುದು ಬಹುಮಟ್ಟಿಗೆ ಒಳಗಿರುವ ಅಪಾಯದ ಗುರುತು.

ಹಾಗೆಂದು ವಯಸ್ಸು ಬರೀ ಗುರುತು ಎಂದು ಬಿಡಲೂ ಆಗದು. ಮೆದುಳಿನಲ್ಲಿ "ಬೇಕು" ಎನ್ನುವ ಭಾಗ ಹರೆಯದಲ್ಲೇ ಚುರುಕಾಗುತ್ತದೆ. "ತಡಿ, ಯೋಚಿಸು" ಎನ್ನುವ ಹಣೆಯ ಹಿಂದಿನ ಭಾಗ ಮಾಗಲು ಸುಮಾರು 25 ವರ್ಷ ಬೇಕು. ಹರೆಯದ ಇಲಿಗಳಿಗೆ ಮದ್ಯ ಕೊಟ್ಟ ಪ್ರಯೋಗಗಳಲ್ಲಿ ಎರಡು ಸಂಗತಿ ಮತ್ತೆ ಮತ್ತೆ ಕಂಡಿವೆ. ದೊಡ್ಡ ಇಲಿಗಳಿಗೆ ಹೋಲಿಸಿದರೆ ಅವುಗಳಿಗೆ ಮಂಪರು, ತೂರಾಟ ಕಡಿಮೆ, ಆದರೆ ನೆನಪು, ಕಲಿಕೆಗೆ ಏಟು ಹೆಚ್ಚು. ಬೆಳೆದ ಮೇಲೂ ಅವುಗಳಲ್ಲಿ ಅಂಜಿಕೆ ಮತ್ತು ಮದ್ಯದ ಬಯಕೆ ಉಳಿದುಕೊಳ್ಳುತ್ತವೆ. ಇಲಿಗಳಲ್ಲಿ ಒಳ್ಳೆಯ ಸ್ವಭಾವ, ಕೆಟ್ಟ ಸ್ವಭಾವ ಎಂದು ಆರಿಸಿ ಕುಡಿಸಿರುವುದಿಲ್ಲ. ಆದ್ದರಿಂದ ಇಲ್ಲಿ ಮದ್ಯವೇ ಕಾರಣ ಎನ್ನಬಹುದು.

ಎರಡನ್ನೂ ಕೂಡಿಸಿದರೆ ಸಿಗುವ ಉತ್ತರ ಹೀಗಿದೆ: ಅಪಾಯವಿರುವ ಹುಡುಗ ಬೇಗ ಶುರು ಮಾಡುತ್ತಾನೆ, ಬೇಗ ಶುರು ಮಾಡುವುದರಿಂದ ಅಪಾಯ ಇನ್ನಷ್ಟು ಬೆಳೆಯುತ್ತದೆ. ವಂಶವಾಹಿಯನ್ನು ತಾಯಿ ಬದಲಿಸಲಾರಳು. ಮೊದಲ ಗುಟುಕಿನ ವಯಸ್ಸನ್ನು ಮುಂದೂಡುವುದು ಮಾತ್ರ ಮನೆ ಮತ್ತು ಊರಿನ ಕೈಯಲ್ಲಿದೆ.

ಕಾನೂನೂ ಇದೇ ದಿಕ್ಕಿನಲ್ಲಿದೆ. ಮಕ್ಕಳಿಗೆ ಮದ್ಯ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಆ ಮೂರು ವರ್ಷದ ಬೆಲೆ ಏನೆಂದು ಈಗ ನಿಮಗೆ ಗೊತ್ತಾಗಿರಬೇಕು.

"ಸೇಂದಿ ಮರದ್ದು, ಅದರಾಗೇನೈತಿ?"

ತೆಲಂಗಾಣದ ಗಡಿಗೆ ತಾಗಿದ ನಮ್ಮ ಊರುಗಳಲ್ಲಿ ಇನ್ನೊಂದು ನಂಬಿಕೆಯಿದೆ: ಸೇಂದಿ ಮರದಿಂದ ಇಳಿಸಿದ್ದು, ಮಕ್ಕಳು ಎರಡು ಗುಟುಕು ಕುಡಿದರೂ ತಂಪು. ಮೊದಲನೆಯದಾಗಿ, ಹುಳಿಬಂದ ಸೇಂದಿಯಲ್ಲೂ ಇರುವುದು ಅದೇ ಮದ್ಯಸಾರ. ಎರಡನೆಯದಾಗಿ, ಮಾರಾಟಕ್ಕೆ ಬರುವ ಸೇಂದಿಯಲ್ಲಿ ಸಿ.ಎಚ್. ಪುಡಿ ಬೆರೆಸಿ ಸಿಕ್ಕಿಬಿದ್ದ ಪ್ರಕರಣಗಳು ಈ ಭಾಗಕ್ಕೆ ಹೊಸದಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ಒಂದು ಕಾಲದ ನಿದ್ದೆ ಔಷಧ. ಇದು ಕೂಡ ಗ್ಯಾಬಾ ಬ್ರೇಕನ್ನೇ ಒತ್ತುತ್ತದೆ. ಮದ್ಯದ ಜೊತೆ ಸೇರಿದರೆ ಪರಿಣಾಮ ಇಮ್ಮಡಿ, ಪ್ರಮಾಣ ತಪ್ಪಿದರೆ ಉಸಿರೇ ನಿಲ್ಲಬಹುದು. ಅಭ್ಯಾಸವಾದವರಿಗೆ ಇದು ದಿಢೀರ್ ಸಿಗದಿದ್ದರೆ ಫಿಟ್ಸ್, ಭ್ರಮೆ ಕಾಣಿಸುತ್ತವೆ. 2020ರ ಲಾಕ್‌ಡೌನಿನಲ್ಲಿ ಮದ್ಯ, ಸೇಂದಿ ಎರಡೂ ನಿಂತಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಇಂಥವರ ಸಾಲು ನಿಂತಿತ್ತು.

ಬಿಡಿಸುವುದು ಹೇಗೆ? ಏನು ಮಾಡಬಾರದು?

ದಿನಾ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಕುಡಿತ ನಿಂತ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಹೊತ್ತು, ಊರು ತಿಳಿಯದಷ್ಟು ಗೊಂದಲವಾಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಓಡುತ್ತಾರೆ. ಇದು ಗಾಳಿಯಲ್ಲ, ಆಕ್ಸಿಲರೇಟರ್ ಹಿಡಿತ ತಪ್ಪಿದ ಮೆದುಳು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು, ಸಿಕ್ಕರೆ ಬಹುತೇಕರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ. ಆಸ್ಪತ್ರೆಯಲ್ಲಿ ಬ್ರೇಕಿಗೆ ಬಲ ಕೊಡುವ ಔಷಧವನ್ನು ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ಜೀವಸತ್ವ ಕೊಡುತ್ತಾರೆ.

"ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂಬ ಗೋಡೆ ಜಾಹೀರಾತುಗಳನ್ನು ನಂಬಬೇಡಿ. ಡೈಸಲ್ಫಿರಾಮ್ ಎಂಬ ಔಷಧ ತೆಗೆದುಕೊಂಡವನು ಕುಡಿದರೆ ಮೈಯಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಶೇಖರವಾಗುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿಯದೆ ಕುಡಿದವನ ಪ್ರಾಣಕ್ಕೇ ಇದು ಕುತ್ತು. ಈ ಔಷಧವನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ವೈದ್ಯರು ಕೊಡುತ್ತಾರೆ.

ತುಡಿತ ತಗ್ಗಿಸುವ ಔಷಧಗಳು ಬೇರೆ ಇವೆ. ನಾಲ್ಟ್ರೆಕ್ಸೋನ್ ಎಂಡಾರ್ಫಿನ್ನಿನ ಹಿತವನ್ನು ತಡೆಯುತ್ತದೆ. ಅಕಾಂಪ್ರೊಸೇಟ್ ಗ್ಲುಟಮೇಟಿನ ಏರುಪೇರನ್ನು ಸಮ ಮಾಡಲು ನೆರವಾಗುತ್ತದೆ. ಯಾವುದು ಯಾರಿಗೆ ಎಂದು ತೀರ್ಮಾನಿಸುವಾಗ "ಯಾವ ವಯಸ್ಸಿಗೆ ಶುರುವಾಯಿತು? ಅಪ್ಪ, ಅಜ್ಜ ಕುಡಿಯುತ್ತಿದ್ದರೇ? ಚಿಂತೆ, ಖಿನ್ನತೆ ಇದೆಯೇ?" ಎಂದು ವೈದ್ಯರು ಕೇಳುತ್ತಾರೆ. ಅಡ್ಡ ಮಾತಿಲ್ಲದೆ ನಿಜ ಹೇಳಿ. ಮಾನ್ವಿಯ ರೈತನಿಗೆ ನಿದ್ದೆ ಮತ್ತು ಖಿನ್ನತೆಗೆ ಚಿಕಿತ್ಸೆ ಸಿಗದಿದ್ದರೆ ಕುಡಿತ ಮತ್ತೆ ಬರುತ್ತದೆ. ದೇವದುರ್ಗದ ಹುಡುಗನಿಗೆ ದುಡುಕನ್ನು ನಿಭಾಯಿಸುವ ತರಬೇತಿ, ಹೆಚ್ಚು ಕಾಲದ ಬೆಂಬಲ ಬೇಕು.

ಎಲ್ಲಿಗೆ ಹೋಗಬೇಕು? ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ದೇವದುರ್ಗ, ಮಾನ್ವಿಯವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮನಸ್ 14416, ವ್ಯಸನಮುಕ್ತಿಗೆ 14446. ಎರಡೂ ಉಚಿತ. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ತಾಯಿ ಅಥವಾ ಹೆಂಡತಿಯೂ ಮಾಡಬಹುದು.

ಕೊನೆಗೆ, ಕಟ್ಟೆಯ ಮಾತಿಗೆ ಉತ್ತರ

"ರಕ್ತದಾಗ ಬಂದೈತಿ" ಎಂಬುದು ಅರ್ಧ ಸತ್ಯ. ರಕ್ತದಲ್ಲಿ ಬರುವುದು ಒಲವು ಮಾತ್ರ, ಬಾಟಲಿ ಹೊರಗಿನಿಂದಲೇ ಬರಬೇಕು. "ಮನಸ್ಸು ಗಟ್ಟಿ ಮಾಡಿದ್ರ ಬಿಡಬಹುದು" ಎಂಬುದೂ ಅರ್ಧ ಸತ್ಯ. ಬಿಡುವ ಮನಸ್ಸು ಬೇಕೇ ಬೇಕು, ಆದರೆ ಬದಲಾದ ಮೆದುಳಿಗೆ ಮನಸ್ಸಿನ ಜೊತೆ ಔಷಧ ಮತ್ತು ಕಾಲ ಎರಡೂ ಬೇಕು.

ತಂದೆಗೆ ಚಿಕ್ಕ ವಯಸ್ಸಿನಲ್ಲೇ ಚಟ ಹತ್ತಿದ್ದ ಮನೆಯಲ್ಲಿ ಬೆಳೆಯುವ ಮಗನಿದ್ದರೆ ಅವನನ್ನು "ನೀನೂ ನಿಮ್ಮಪ್ಪನಂಗೇ ಆಗ್ತಿ" ಎಂದು ಬೈಯಬೇಡಿ. "ನಿನ್ನ ಮೈಗೆ ಇದು ಉಳಿದವರಿಗಿಂತ ಬೇಗ ಅಂಟುತ್ತದೆ, ನೀನು ಮುಟ್ಟದಿರುವುದೇ ಒಳ್ಳೆಯದು" ಎಂದು ತಿಳಿಯುವ ವಯಸ್ಸಿಗೆ ಬಿಡಿಸಿ ಹೇಳಿ. ಅವನು ಶಾಲೆಯಲ್ಲಿ ಉಳಿಯುವ ಒಂದೊಂದು ವರ್ಷವೂ, ದೊಡ್ಡವರ ಜೊತೆ ಗುಳೆ ಹೋಗದ ಒಂದೊಂದು ಸುಗ್ಗಿಯೂ ಮೊದಲ ಗುಟುಕನ್ನು ಅಷ್ಟು ದೂರ ತಳ್ಳುತ್ತದೆ. ಹಣೆಯ ಹಿಂದಿನ ಆ ಕಡಿವಾಣ ಮಾಗಲು ಬೇಕಾಗಿರುವುದು ಅಷ್ಟೇ ಸಮಯ.